ಮೂರನೇ ಬೇಸಿನ ಸನ್ನೆಗಳು

ವಿಶ್ವನಾಥ ಸರ್ ನನಗೆ ಮೊದಲು ಸಿಕ್ಕಿದ್ದು ಪೇಷಂಟಾಗಿ. ೧೯೯೭ರ ಮಾರ್ಚ್ ತಿಂಗಳು. ನಾನು ಧಾರವಾಡ ಬಿಟ್ಟು ನಾಲ್ಕು ವರ್ಷವಾಗಿತ್ತು, ಕ್ರೋಯ್ಡನ್ನಿನ ಒಂದು ಆಸ್ಪತ್ರೆಯಲ್ಲಿ ಫಿಸಿಯೋಥೆರಪಿಸ್ಟ್ ಆಗಿದ್ದೆ. ಬಲಭುಜದ ನೋವೆಂದು ಬಂದಿದ್ದ, ಐವತ್ತು ದಾಟಿದ ಮನುಷ್ಯ. ಕೈ ಮೇಲೆತ್ತಲು ಹೇಳಿದಾಗ "ಅಯ್ಯಪ್ಪಾ" ಅಂದರು. ನೀವು ಕನ್ನಡದವರೇನ್ರಿ ಎಂದು ಕೇಳಿದೆ. ಮೈಸೂರಿನವರು, ಅಲ್ಲೇ ಹತ್ತಿರದ ಒಂದು ಸಣ್ಣ ಕಾಲೇಜಿನಲ್ಲಿ ಗಣಿತದ ಮೇಷ್ಟ್ರು. ಭುಜಕ್ಕೆ ಏನು ಮಾಡಿಕೊಂಡಿರಿ ಎಂದರೆ, ಬೇಸ್‌ಬಾಲ್ ಎಸೆದೆ ಎಂದರು. ನಾನು ನಕ್ಕುಬಿಟ್ಟೆ. ಅವರು ನಗಲಿಲ್ಲ. ಚಿಕಿತ್ಸೆಯ ಕೊನೆಯ ದಿನ, ಶನಿವಾರ ಬಿಡುವಿದ್ದರೆ ಬಂದು ನಮ್ಮ ಹುಡುಗರ ಭುಜಗಳನ್ನೂ ಒಂದಿಷ್ಟು ನೋಡಿ ಎಂದು ಕೇಳಿಕೊಂಡರು. ಹಾಗೆ ಹೋದವಳು ಐದು ವರ್ಷ ಆ ತಂಡದಲ್ಲಿ ಉಳಿದೆ.

ತಂಡ ಕಟ್ಟಿದವರು ಡೆರಿಕ್ ಪೆನ್‌ಫೋಲ್ಡ್. ಅದೇ ಕಾಲೇಜಿನಲ್ಲಿ ಬಡಗಿ ಕೆಲಸ ಕಲಿಸುತ್ತಿದ್ದರು. ಯುದ್ಧದ ಕಾಲಕ್ಕೆ ಅವರು ಏಳೆಂಟು ವರ್ಷದವರು. ಅವರ ಊರಿನ ಪಕ್ಕ ಬೀಡುಬಿಟ್ಟಿದ್ದ ಕೆನಡಾದ ಸೈನಿಕರು ಸಂಜೆ ಹೊತ್ತು ಹುಲ್ಲುಗಾವಲಿನಲ್ಲಿ ಈ ಆಟ ಆಡುತ್ತಿದ್ದರಂತೆ. ಸೈನಿಕರು ದಂಡೆತ್ತಿ ಹೋದರು, ಬಹಳ ಮಂದಿ ತಿರುಗಿ ಬರಲಿಲ್ಲ, ಆಟ ಮಾತ್ರ ಈ ಹುಡುಗನ ಬಳಿ ಉಳಿಯಿತು. ಇಂಗ್ಲೆಂಡಿನಲ್ಲಿ ಬೇಸ್‌ಬಾಲ್ ಕೇಳುವವರಿಲ್ಲ. ಬ್ಯಾಟು ಅಂಗಡಿಯಲ್ಲಿ ಸಿಗದೆ ಇದ್ದಾಗ ಡೆರಿಕ್ ಕಾಲೇಜಿನ ವರ್ಕ್‌ಶಾಪಿನಲ್ಲಿ ಆ್ಯಶ್ ಮರವನ್ನು ಲೇತ್ ಯಂತ್ರಕ್ಕೆ ಹಾಕಿ ತಾವೇ ಕಡೆಯುತ್ತಿದ್ದರು. ಮೈಸೂರಿನಲ್ಲಿ ಓದುವಾಗ ವಿಕೆಟ್‌ಕೀಪರ್ ಆಗಿದ್ದ ವಿಶ್ವನಾಥ ಸರ್‌ರನ್ನು ಹಿಡಿದು ತಂದು ಅಸಿಸ್ಟೆಂಟ್ ಕೋಚ್ ಮಾಡಿದ್ದೂ ಅವರೇ. ಡೆರಿಕ್, ವಿಶ್ವನಾಥ ಸರ್, ನಾನು: ಕೋಚಿಂಗ್ ಸಿಬ್ಬಂದಿ ಅಂದರೆ ನಾವು ಮೂವರೇ.

ಚಳಿಗಾಲದಲ್ಲಿ ಫುಟ್‌ಬಾಲ್ ಆಡುವ ಮೈದಾನದ ಮೇಲೆಯೇ ಏಪ್ರಿಲ್‌ನಲ್ಲಿ ಸುಣ್ಣದ ಗೆರೆ ಎಳೆದು, ಓಡುವವನು ಒಂದೊಂದಾಗಿ ಮುಟ್ಟಬೇಕಾದ ನಾಲ್ಕು ಬೇಸುಗಳನ್ನು ಇಡುತ್ತಿದ್ದೆವು. ಪಂದ್ಯ ನಡೆಯುವಾಗ ಡೆರಿಕ್ ಮೂರನೇ ಬೇಸಿನ ಹತ್ತಿರ ನಿಲ್ಲುವರು. ಟೊಪ್ಪಿಗೆ, ಕಿವಿ, ಮೊಣಕೈ, ಸೊಂಟ ಎಂದು ಒಂದಾದ ಮೇಲೊಂದು ಮುಟ್ಟಿಕೊಂಡು ಬ್ಯಾಟು ಹಿಡಿದವನಿಗೆ ಹೇಳಬೇಕಾದ್ದನ್ನು ಸನ್ನೆಯಲ್ಲೇ ಹೇಳುವರು. ಎದುರು ತಂಡಕ್ಕೆ ತಿಳಿಯಬಾರದೆಂದು ಆ ಸನ್ನೆಗಳಲ್ಲಿ ಅರ್ಧ ಸುಳ್ಳು. ಕಿವಿ ಮುಟ್ಟಿದ ಮೇಲೆ ಬರುವುದಷ್ಟೇ ನಿಜ. ವಿಶ್ವನಾಥ ಸರ್ ಮೊದಲನೇ ಬೇಸಿನಲ್ಲಿ ನಿಂತು ಓಡುವವನಿಗೆ ಓಡು, ನಿಲ್ಲು ಎಂದು ಹೇಳುವರು. ಇಬ್ಬರ ನಡುವೆ ಮೈದಾನದ ಅಗಲವಿದ್ದರೂ ಮಾತಿನ ಅಗತ್ಯವೇ ಬೀಳುತ್ತಿರಲಿಲ್ಲ.

ಅವರಿಬ್ಬರ ಸ್ನೇಹದ ಮೂಲ ನನಗೆ ಗೊತ್ತಾಗಿದ್ದು ಸರ್‌ರ ಹೆಂಡತಿ ಚಂದ್ರಿಕಾ ಅವರಿಂದ. ೧೯೮೬ರಲ್ಲಿ, ಅವರು ಆ ಬೀದಿಗೆ ಹೊಸದಾಗಿ ಬಂದಾಗ, ಯಾರೋ ಮುಂಬಾಗಿಲನ್ನು ಒದ್ದು ಸೀಳಿ, ಗೋಡೆಯ ಮೇಲೆ ಕೆಟ್ಟ ಮಾತು ಬರೆದು ಹೋಗಿದ್ದರು. ಪೊಲೀಸರು ಬಂದು ಬರೆದುಕೊಂಡು ಹೋದರು. ಮರುದಿನ ಸಂಜೆ, ಕಾಲೇಜಿನಲ್ಲಿ ಸುದ್ದಿ ಕೇಳಿ, ಡೆರಿಕ್ ಬಡಗಿ ಸಾಮಾನಿನ ಚೀಲ ಹಿಡಿದು ಬಂದರು. ಎರಡು ಸಂಜೆ ಕೂತು ಓಕ್ ಮರದ ಹೊಸ ಬಾಗಿಲು ಕೂರಿಸಿ, ಗೋಡೆ ಉಜ್ಜಿ ಬಣ್ಣ ಬಳಿದು, ನಡೆದದ್ದರ ಬಗ್ಗೆ ಒಂದು ಮಾತೂ ಆಡದೆ ಚಹಾ ಕುಡಿದು ಹೋದರಂತೆ. "ಅವತ್ತಿನಿಂದ ಇವರಿಗೆ ಡೆರಿಕ್ ಅಂದ್ರೆ ಅಣ್ಣ ಇದ್ದ ಹಾಗೆ," ಎಂದಿದ್ದರು ಚಂದ್ರಿಕಾ.

ಡೆರಿಕ್ ೨೦೦೦ದಲ್ಲಿ ನಿವೃತ್ತರಾದರು. ಆ ಚಳಿಗಾಲದಲ್ಲೇ ಅವರ ಹೆಂಡತಿ ಡೋರೀನ್ ತೀರಿಕೊಂಡರು. ಮಕ್ಕಳಿರಲಿಲ್ಲ. ಕಾಲೇಜು ಅವರನ್ನು ಗೌರವ ಕೋಚ್ ಎಂದು ಉಳಿಸಿಕೊಂಡಿತು.

೨೦೦೧ರ ಆಗಸ್ಟ್‌ನ ಒಂದು ಪಂದ್ಯದಲ್ಲಿ ಡೆರಿಕ್ ಕಿವಿ ಮುಟ್ಟಿಕೊಂಡರು. ಮತ್ತೆ ಕಿವಿ, ಮತ್ತೂ ಕಿವಿ. ಬ್ಯಾಟು ಹಿಡಿದವನು ಕಾದ. ಆಮೇಲೆ ಗೊಂದಲದಿಂದ ವಿಶ್ವನಾಥ ಸರ್ ಕಡೆ ತಿರುಗಿದ. ಸರ್ ತಮ್ಮ ಟೊಪ್ಪಿಗೆ ಮುಟ್ಟಿ ಒಂದು ಸನ್ನೆ ಕೊಟ್ಟರು, ಆಟ ಮುಂದುವರಿಯಿತು. ನಾನು ಬೆಂಚಿನ ಮೇಲೆ ಕೂತು ನೋಡುತ್ತಿದ್ದೆ. ಮುಂದಿನ ವಾರಗಳಲ್ಲಿ ಅದು ರೂಢಿಯೇ ಆಯಿತು. ಡೆರಿಕ್‌ರ ಸನ್ನೆ ಅರ್ಥವಾಗದಿದ್ದರೆ ಹುಡುಗರು ಮೊದಲನೇ ಬೇಸಿನತ್ತ ನೋಡುವರು. ಬ್ಯಾಟಿಂಗ್ ಕ್ರಮದ ಚೀಟಿಯನ್ನು ಸರ್ ಮೊದಲೇ ಬರೆದು ಡೆರಿಕ್‌ರ ಜೇಬಿಗೆ ಇಡುವರು. ಒಮ್ಮೆ ಪಂದ್ಯ ಮುಗಿದು ಹುಡುಗರೆಲ್ಲ ಚೀಲ ಕಟ್ಟುತ್ತಿದ್ದಾಗ ಡೆರಿಕ್ ನನ್ನ ಹತ್ತಿರ ಬಂದು, ಎದುರು ತಂಡದವರು ಇನ್ನೂ ಬಂದಿಲ್ಲವೇ ಎಂದು ಮೆಲ್ಲಗೆ ಕೇಳಿದರು.

ಆ ದಿನ ಕಾರ್ ಪಾರ್ಕಿನಲ್ಲಿ ನಾನು ಸರ್‌ರನ್ನು ತಡೆದು ನಿಲ್ಲಿಸಿದೆ. ಇದು ವಯಸ್ಸಿನ ಮರೆವಲ್ಲ, ಇಂಥದ್ದನ್ನು ವಾರ್ಡಿನಲ್ಲಿ ದಿನಾ ನೋಡುತ್ತೇನೆ, ಅವರ ಜಿಪಿ ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಬೇಕು ಎಂದೆ. ಅವರು ಕಾರಿನ ಕೀಲಿಯನ್ನು ಮತ್ತೆ ಜೇಬಿಗೆ ಹಾಕಿಕೊಂಡರು.

"ಕರ್ಕೊಂಡು ಹೋದ್ರೆ ಮೊದಲು ಇದನ್ನ ಬಿಡಿಸ್ತಾರೆ, ರಜನಿಯವರೇ. ಇದೊಂದೇ ಉಳಿದಿರೋದು ಅವರಿಗೆ. ಇನ್ನೊಂದು ಸೀಸನ್ ಆಗ್ಲಿ. ನಾನು ಪಕ್ಕದಲ್ಲೇ ಇರ್ತೀನಲ್ಲ."

ನಾನು ಒಪ್ಪಿದೆ. ಇದನ್ನು ಇಲ್ಲಿ ಸ್ಪಷ್ಟವಾಗಿ ಹೇಳಬೇಕು, ನಾನೂ ಒಪ್ಪಿದೆ. ಜನವರಿಯಲ್ಲಿ ಕಾಲೇಜಿನಿಂದ ಪ್ರತಿವರ್ಷದ ಫಾರ್ಮ್ ಬಂತು. ಕೋಚ್‌ಗಳು ವಿದ್ಯಾರ್ಥಿಗಳ ಹೊಣೆ ಹೊರಲು ಸಮರ್ಥರು ಎಂದು ಅಸಿಸ್ಟೆಂಟ್ ಕೋಚ್ ಒಂದು ಕಡೆ, ಆರೋಗ್ಯದ ಕಾಲಮ್ಮಿನ ಕೆಳಗೆ ತಂಡದ ಫಿಸಿಯೋ ಇನ್ನೊಂದು ಕಡೆ ಸಹಿ ಹಾಕಬೇಕು. ಸರ್ ಅದನ್ನು ನನ್ನ ಫ್ಲ್ಯಾಟಿಗೆ ತಂದರು. ಅವರ ಸಹಿ ಆಗಲೇ ಬಿದ್ದಿತ್ತು. ನಾನು ಅವಲಕ್ಕಿಗೆ ಒಗ್ಗರಣೆ ಹಾಕುತ್ತಿದ್ದೆ. ಕೈ ಒರೆಸಿಕೊಂಡು, ಅಡುಗೆಮನೆಯ ಕಟ್ಟೆಯ ಮೇಲೆಯೇ ಕಾಗದ ಇಟ್ಟು ಸಹಿ ಮಾಡಿದೆ. ಅವಲಕ್ಕಿ ತಿಂದು ಅವರು ಹೋದರು.

ತಂಡದ ಕ್ಯಾಚರ್ ಸಂದೀಪ್ ಎಂಬ ಹದಿನೆಂಟರ ಹುಡುಗ. ಬೆಂಗಳೂರಿನ ಕಡೆಯವರು. ತಾಯಿ ಮೀರಾ ಆಸ್ಪತ್ರೆಯೊಂದರಲ್ಲಿ ಅರಿವಳಿಕೆ ಡಾಕ್ಟರ್. ತಂದೆ ಇಲ್ಲದ ಹುಡುಗ. ಕನ್ನಡ ಸಂಘದ ಯುಗಾದಿ ಊಟದಲ್ಲಿ ವಿಶ್ವನಾಥ ಸರ್ ಪರಿಚಯವಾಗಿ, ಅವರ ಮೇಲಿನ ನಂಬಿಕೆಯಿಂದಲೇ ಮೀರಾ ಮಗನನ್ನು ಆ ಕಾಲೇಜಿಗೂ ಆ ಆಟಕ್ಕೂ ಕಳಿಸಿದ್ದು. ಕ್ಯಾಚರ್ ಅಂದರೆ ವಿಕೆಟ್‌ಕೀಪರ್ ಇದ್ದ ಹಾಗೆ, ಬ್ಯಾಟಿನ ಹಿಂದೆ ಕುಕ್ಕುರುಗಾಲಲ್ಲಿ ಕೂತು ಚೆಂಡು ಹಿಡಿಯುವವನು. ಸರ್ ಅವನಿಗೆ ತಾವು ಬಲ್ಲದ್ದನ್ನೆಲ್ಲ ಕಲಿಸಿದ್ದರು.

೨೦೦೨ರ ಮೇ ತಿಂಗಳ ಒಂದು ಗುರುವಾರ, ಸಂಜೆ ಐದೂವರೆ. ಫೀಲ್ಡಿಂಗ್ ಅಭ್ಯಾಸ ನಡೆಯುತ್ತಿತ್ತು. ಈ ಅಭ್ಯಾಸದಲ್ಲಿ ಕೋಚ್ ತಾನೇ ಚೆಂಡನ್ನು ಮೇಲಕ್ಕೆ ಹಾರಿಸಿ ಬ್ಯಾಟಿನಿಂದ ಹೊಡೆಯುತ್ತಾನೆ. ಹೊಡೆಯುವ ಮೊದಲು ಹುಡುಗನ ಹೆಸರು ಕೂಗಬೇಕು, ಅವನು ಕೈ ಎತ್ತಿದ ಮೇಲೆಯೇ ಹೊಡೆಯಬೇಕು. ಡೆರಿಕ್ ಇಪ್ಪತ್ತು ವರ್ಷದಿಂದ ಪಾಲಿಸಿಕೊಂಡು ಬಂದ ನಿಯಮ ಅದು. ಆ ವರ್ಷ ಸರ್ ಪಕ್ಕದಲ್ಲೇ ನಿಂತು, ಹುಡುಗ ಕೈ ಎತ್ತಿದ್ದನ್ನು ನೋಡಿಕೊಂಡೇ ಡೆರಿಕ್‌ಗೆ ಒಂದೊಂದಾಗಿ ಚೆಂಡು ಕೊಡುತ್ತಿದ್ದರು.

ಸ್ವಲ್ಪ ಹೊತ್ತಿಗೆ ಡೆರಿಕ್ ತಾವೇ, ಸಾಕು, ಚೆಂಡು ಆರಿಸಿಕೊಂಡು ಬನ್ನಿ ಎಂದರು. ಸಂದೀಪ್ ಮುಖದ ಕವಚ ತೆಗೆದು ಹುಲ್ಲಿನ ಮೇಲಿಟ್ಟು, ಬಗ್ಗಿ ಚೆಂಡುಗಳನ್ನು ಬಕೆಟ್ಟಿಗೆ ಹಾಕತೊಡಗಿದ. ಅಭ್ಯಾಸ ನಿಂತಿತೆಂದು ಸರ್ ನಾಲ್ಕು ಹೆಜ್ಜೆ ಆಚೆ ಹೋದರು. ನಮ್ಮ ಪಿಯುಸಿಯಂಥ ಎ ಲೆವೆಲ್ ಪರೀಕ್ಷೆ ಹತ್ತಿರವಿತ್ತು, ಯಾರೋ ಒಬ್ಬ ಹುಡುಗಿ ಬೇಲಿಯ ಆಚೆಯಿಂದ ಒಂದು ಲೆಕ್ಕ ಕೇಳುತ್ತಿದ್ದಳು. ನಾನು ಬೆಂಚಿನ ಹತ್ತಿರ ಒಬ್ಬನ ಕಾಲಿಗೆ ಪಟ್ಟಿ ಸುತ್ತುತ್ತಿದ್ದೆ. ತಲೆ ಎತ್ತಿದಾಗ ಡೆರಿಕ್ ಕಾಲ ಬುಡದಿಂದ ಒಂದು ಚೆಂಡು ಎತ್ತಿಕೊಂಡು ಮೇಲಕ್ಕೆ ಹಾರಿಸಿದ್ದರು. ಕೂಗಬೇಕು ಅನ್ನುವಷ್ಟರಲ್ಲಿ ಬ್ಯಾಟಿನ ಸದ್ದು ಕೇಳಿಸಿತು.

ಹದಿನೈದು ಹೆಜ್ಜೆಯೂ ದೂರವಿರಲಿಲ್ಲ. ಸಂದೀಪ್ ಆಗಷ್ಟೇ ಮುಖ ಎತ್ತಿದ್ದ. ಚೆಂಡು ಎಡಗಣ್ಣಿಗೆ ಬಡಿಯಿತು. ಅವನು ಚೀರಲಿಲ್ಲ, ಮಂಡಿಯೂರಿ ಕೂತು ಎರಡೂ ಕೈಯಿಂದ ಮುಖ ಮುಚ್ಚಿಕೊಂಡ. ನಾನು ಓಡಿಹೋಗಿ ಅವನನ್ನು ಹಿಡಿದುಕೊಂಡೆ, ಆಂಬುಲೆನ್ಸ್ ಕರೆಯಲು ಕೂಗಿದೆ. ಸರ್ ಬಂದು ಅವನ ಬೆನ್ನಿನ ಮೇಲೆ ಕೈಯಿಟ್ಟು ಮಂಡಿಯೂರಿದರು. ಆಮೇಲೆ ಡೆರಿಕ್ ಬಂದರು. ಬ್ಯಾಟು ಕೈಯಲ್ಲೇ ಇತ್ತು. ಹುಡುಗನನ್ನು ನೋಡಿ ಅವರ ಮುಖ ನಿಜವಾಗಿ ಬಿಳಿಚಿತು.

"ಯಾರು ಹೊಡೆದದ್ದು?" ಎಂದು ಕೇಳಿದರು. ಹುಡುಗರ ಕಡೆ ತಿರುಗಿ, ಗದರಿಕೆಯ ದನಿಯಲ್ಲಿ ಮತ್ತೆ ಕೇಳಿದರು, "ಹೆಸರು ಕೂಗದೆ ಹೊಡೆದವರು ಯಾರು?"

ಎರಡು ಶಸ್ತ್ರಚಿಕಿತ್ಸೆಗಳಾದವು. ಕಣ್ಣು ಉಳಿಯಿತು, ದೃಷ್ಟಿ ಉಳಿಯಲಿಲ್ಲ. ಬೆಳಕು ಮತ್ತು ನೆರಳಿನ ವ್ಯತ್ಯಾಸ ಗೊತ್ತಾಗುತ್ತದೆ, ಅಷ್ಟೇ ಎಂದರು ಡಾಕ್ಟರು.

ಕಾಲೇಜು ವಿಚಾರಣೆ ನಡೆಸಲು ಮೂವರ ಸಮಿತಿ ಮಾಡಿತು. ಸಮಿತಿಗೆ ಅದು ಆಕಸ್ಮಿಕವಾಗಿದ್ದರೆ ಅನುಕೂಲ ಎನ್ನುವುದು ಮೊದಲೇ ಗೊತ್ತಾಗುತ್ತಿತ್ತು. ಹುಡುಗ ಕವಚ ತೆಗೆದಿದ್ದ, ಹೊಡೆಯುವವನ ಮುಂದೆ ನಿಂತಿದ್ದ, ವಯಸ್ಸಾದ ಕೋಚ್ ಗಮನಿಸಲಿಲ್ಲ. ಅಲ್ಲಿಗೆ ಮುಗಿಯಿತು. ಮೇಷ್ಟ್ರುಗಳ ಯೂನಿಯನ್ನಿನವರು ವಿಶ್ವನಾಥ ಸರ್‌ಗೆ, ಆ ಸಂಜೆ ಕಣ್ಣಿಂದ ಕಂಡದ್ದನ್ನು ಮಾತ್ರ ಹೇಳಿ, ಕೇಳದೆ ಇದ್ದದ್ದನ್ನು ಹೇಳಬೇಡಿ ಎಂದು ಸಲಹೆ ಕೊಟ್ಟರು.

ವಿಚಾರಣೆಗೆ ಮೂರು ದಿನ ಮೊದಲು ಅವರ ಮನೆಗೆ ಹೋದೆ. ಚಂದ್ರಿಕಾ ಬಾಗಿಲು ತೆಗೆದು, ಕಣ್ಣಿನಲ್ಲೇ ಒಳಗೆ ತೋರಿಸಿ, ಊಟ ಬಿಟ್ಟಿದ್ದಾರೆ ಎಂದರು. ಸರ್ ಹಿಂದಿನ ಕೋಣೆಯಲ್ಲಿ ದೀಪ ಹಾಕದೆ ಕೂತಿದ್ದರು. ನನಗೆ ಬಹಳ ಹೆದರಿಕೆಯಾಗಿತ್ತು. ಆ ಫಾರ್ಮಿನ ಮೇಲಿನ ಸಹಿ ಹೊರಬಿದ್ದರೆ ಫಿಸಿಯೋ ಆಗಿ ಕೆಲಸ ಮಾಡಲು ಬೇಕಾದ ನನ್ನ ರಿಜಿಸ್ಟ್ರೇಷನ್ ಹೋಗಬಹುದು, ವೀಸಾದ ಮೇಲಿದ್ದವಳು ಎಲ್ಲಿಗೆ ಹೋಗಲಿ ಎಂಬುದೇ ಮನಸ್ಸಿನಲ್ಲಿತ್ತು. ಸುಮ್ಮನಿದ್ದುಬಿಡೋಣ ಎಂದು ಹೇಳಲಿಕ್ಕೇ ನಾನು ಹೋಗಿದ್ದು. ಹೇಳಿದೆ ಕೂಡ.

"ಸುಮ್ಮನಿದ್ರೆ ಹುಡುಗನ ತಪ್ಪು ಅಂತ ಬರೀತಾರೆ," ಎಂದರು ಸರ್. "ಇಲ್ಲಾಂದ್ರೆ ಡೆರಿಕ್ ತಪ್ಪು ಅಂತ. ಇಬ್ಬರದ್ದೂ ಅಲ್ಲವಲ್ಲ ಅದು."

"ನಾನೂ ಸಹಿ ಮಾಡೇನ್ರಿ ಸರ್."

"ಗೊತ್ತು. ನಿಮ್ಮ ಹೆಸರು ನಾನು ಎತ್ತಲ್ಲ. ನನ್ನದನ್ನ ಮಾತ್ರ ಹೇಳ್ತೀನಿ. ಆದರೆ ಮೊದಲು ಮೀರಾ ಅವರಿಗೆ ಹೇಳಬೇಕು. ಸಮಿತಿಯ ಬಾಯಿಂದ ಅವರು ಕೇಳಬಾರದು."

ಅವರು ಒಬ್ಬರೇ ಹೊರಟರು. ಬಾಗಿಲ ತನಕ ಹೋಗಿದ್ದವಳು ನಾನೂ ಕಾರು ಹತ್ತಿದೆ. ಯಾಕೆ ಹತ್ತಿದೆ ಎಂದು ಇಂದಿಗೂ ಸರಿಯಾಗಿ ಹೇಳಲಾರೆ. ಅವರು ಒಬ್ಬರೇ ಹೋಗುವುದನ್ನು ನೋಡಲು ಆಗಲಿಲ್ಲ, ಅಷ್ಟೇ.

ಮೀರಾ ನಮ್ಮನ್ನು ಕೂರಿಸಿದರು, ನೀರು ಕೊಟ್ಟರು. ಹುಡುಗನ ಆರೋಗ್ಯ ವಿಚಾರಿಸಲು ಬಂದಿದ್ದೇವೆ ಎಂದುಕೊಂಡಿದ್ದರು. ಸರ್ ಪೀಠಿಕೆ ಹಾಕದೆ ಎಲ್ಲವನ್ನೂ ಹೇಳಿದರು. ಡೆರಿಕ್‌ರ ಮರೆವು, ತಾವು ಕೊಡುತ್ತಿದ್ದ ಸನ್ನೆಗಳು, ಜೇಬಿಗಿಟ್ಟ ಚೀಟಿಗಳು, ಜನವರಿಯ ಫಾರ್ಮು, ಆ ಸಂಜೆ ಡೆರಿಕ್‌ರ ಪಕ್ಕ ಬಿಟ್ಟು ಆಚೆ ಹೋದದ್ದು. ಫಾರ್ಮಿನ ಮಾತು ಬಂದಾಗ ನಾನು, ಅದರಲ್ಲಿ ನನ್ನ ಸಹಿಯೂ ಇದೆ ಎಂದೆ. ಮೀರಾ ನನ್ನ ಕಡೆ ನೋಡಲಿಲ್ಲ.

"ಯಾವಾಗಿಂದ ಗೊತ್ತಿತ್ತು ನಿಮಗೆ?" ಎಂದು ಸರ್‌ರನ್ನೇ ಕೇಳಿದರು.

"ಹೋದ ಆಗಸ್ಟ್‌ನಿಂದ."

"ಒಂಬತ್ತು ತಿಂಗಳು." ಅವರ ದನಿ ಏರಲಿಲ್ಲ. "ಒಂಬತ್ತು ತಿಂಗಳು ನನ್ನ ಮಗನನ್ನ ಅವರ ಮುಂದೆ ನಿಲ್ಲಿಸಿದ್ರಿ. ನಾನು ದಿನಾ ಬೇರೆಯವರ ಮಕ್ಕಳನ್ನ ಮಲಗಿಸ್ತೀನಿ, ವಿಶ್ವನಾಥ್. ಎಚ್ಚರ ಆಗೋ ತನಕ ಅವರ ಪಕ್ಕದಿಂದ ಏಳಲ್ಲ. ನೀವು ಎದ್ದು ಹೋದ್ರಿ."

ಸರ್ ತಲೆ ತಗ್ಗಿಸಿ ಹೌದು ಎಂದರು.

ಅಷ್ಟರಲ್ಲಿ ಮೆಟ್ಟಿಲ ಮೇಲಿನಿಂದ ಸಂದೀಪ್ ಮಾತಾಡಿದ. ಅವನು ಅಲ್ಲೇ ಕೂತು ಕೇಳಿಸಿಕೊಳ್ಳುತ್ತಿದ್ದ. ಕನ್ನಡ ತಿಳಿಯುತ್ತಿತ್ತು, ಮಾತು ಇಂಗ್ಲಿಷಿನಲ್ಲಿ. ಅದು ನಮಗೆಲ್ಲರಿಗೂ ಗೊತ್ತಿತ್ತು ಅಮ್ಮಾ, ಎಂದ. ಇಡೀ ತಂಡಕ್ಕೆ ಗೊತ್ತಿತ್ತು. ನಾವೇ ಮೊದಲನೇ ಬೇಸು ನೋಡಿಕೊಂಡು ಆಡುತ್ತಿದ್ದೆವು. ಯಾರೂ ಯಾರಿಗೂ ಹೇಳಬಾರದು ಅಂತ ನಮ್ಮನಮ್ಮಲ್ಲೇ ಮಾತಾಗಿತ್ತು.

"ನೀನು ಮಗು," ಎಂದರು ಮೀರಾ. "ಇವರು ಮಕ್ಕಳಲ್ಲ."

ನಾವು ಎದ್ದು ಬಂದೆವು.

ವಿಚಾರಣೆಯಲ್ಲಿ ಇಬ್ಬರೂ ಇದ್ದದ್ದನ್ನು ಇದ್ದ ಹಾಗೆ ಹೇಳಿದೆವು. ನನ್ನ ಸರದಿ ಬಂದಾಗ ಸಮಿತಿಯ ಅಧ್ಯಕ್ಷೆ, ಇದನ್ನು ನೀವು ಹೇಳಲೇಬೇಕೆಂದಿಲ್ಲ ಎಂದು ಎರಡು ಸಲ ನೆನಪಿಸಿದರು. ಹುಡುಗನ ತಪ್ಪೇನೂ ಇಲ್ಲ ಎಂದು ವರದಿಯಲ್ಲಿ ದಾಖಲಾಯಿತು. ವಿಶ್ವನಾಥ ಸರ್‌ಗೆ ಲಿಖಿತ ಎಚ್ಚರಿಕೆ ಕೊಟ್ಟು, ಯಾವ ಆಟದ ಹೊಣೆಯೂ ಕೊಡಕೂಡದೆಂದು ತೀರ್ಮಾನಿಸಿದರು. ಗಣಿತ ಕಲಿಸಲು ಬಿಟ್ಟರು. ಫಿಸಿಯೋಥೆರಪಿ ಮಂಡಳಿಯವರು ನನ್ನ ರಿಜಿಸ್ಟ್ರೇಷನ್ ಆರು ತಿಂಗಳು ತಡೆಹಿಡಿದರು. ಆ ಆರು ತಿಂಗಳು ನನ್ನನ್ನು ಆಸ್ಪತ್ರೆಯ ಆಫೀಸಿನಲ್ಲಿ ಫೈಲು ಜೋಡಿಸುವ ಕೆಲಸಕ್ಕೆ ಹಾಕಿದ್ದರು. ಜುಲೈನಲ್ಲಿ ಬೇಸ್‌ಬಾಲ್ ತಂಡ ಮುಚ್ಚಿತು. ಹುಡುಗರು ಬೇಸುಗಳನ್ನು ಕಿತ್ತು ಸ್ಟೋರಿನಲ್ಲಿಟ್ಟು ಹೋದರು. ಮೈದಾನದಲ್ಲಿ ಸುಣ್ಣದ ಗೆರೆ ಮಳೆಗೆ ಅಳಿಯಲು ಸೆಪ್ಟೆಂಬರ್ ಆಯಿತು ಎಂದು ಆಮೇಲೆ ಯಾರೋ ಹೇಳಿದರು.

ಡೆರಿಕ್‌ರ ಪರೀಕ್ಷೆಗಳೆಲ್ಲ ಆಗಿ, ಅಣ್ಣನ ಮಗಳೊಬ್ಬಳು ಬಂದು ಅವರನ್ನು ವೃದ್ಧರನ್ನು ನೋಡಿಕೊಳ್ಳುವ ಒಂದು ಕೇರ್ ಹೋಮಿಗೆ ಸೇರಿಸಿದಳು. ವಿಶ್ವನಾಥ ಸರ್ ಪ್ರತಿ ಶನಿವಾರ ಹೋಗುವರು. ಡೆರಿಕ್‌ಗೆ ಅಪಘಾತದ ನೆನಪಿರಲಿಲ್ಲ. ಸೀಸನ್ ಯಾವಾಗ ಶುರು ಎಂದು ಕೇಳುವರು. ಹೊಸ ಹುಡುಗರು ಹೇಗಿದ್ದಾರೆ ಎಂದು ಕೇಳುವರು. ಅವರಿಗೆ ಯಾವುದನ್ನೂ ತಿಳಿಸಬೇಡಿ, ಸುಮ್ಮನೆ ನೋವಾಗುತ್ತದೆ ಎಂಬುದು ಅಲ್ಲಿನ ನರ್ಸ್‌ಗಳ ಅಭಿಪ್ರಾಯ. ನಾನೂ ಹಾಗೇ ಅಂದೆ.

ಆದರೆ ನವೆಂಬರಿನ ಒಂದು ಬೆಳಿಗ್ಗೆ, ಡೆರಿಕ್ ಸ್ವಲ್ಪ ತಿಳಿಯಾಗಿದ್ದ ದಿನ, ಸರ್ ಹೇಳಿಬಿಟ್ಟರು. ನಾನು ಆ ದಿನ ಜೊತೆಗಿದ್ದೆ. ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡು, ಡೆರಿಕ್‌ರ ಕೈ ಹಿಡಿದು, ಒಬ್ಬ ಹುಡುಗನ ಕಣ್ಣು ಹೋಯಿತು, ಚೆಂಡು ಹೊಡೆದವರು ನೀವು, ನಿಮಗೆ ಕಾಯಿಲೆ ಇದೆಯೆಂದು ಗೊತ್ತಿದ್ದೂ ಬ್ಯಾಟು ಕೈಗೆ ಕೊಟ್ಟವನು ನಾನು ಎಂದರು. ಡೆರಿಕ್ ಮುಂದಕ್ಕೆ ಬಗ್ಗಿದರು.

"ಹುಡುಗನ ಹೆಸರೇನು?"

"ಸಂದೀಪ್."

"ಕ್ಯಾಚರ್," ಎಂದರು ಡೆರಿಕ್. ಆಮೇಲೆ ಅತ್ತರು. ಮುಖ ಮುಚ್ಚಿಕೊಳ್ಳದೆ, ಮಕ್ಕಳ ಹಾಗೆ ಅತ್ತರು. ಊಟದ ಹೊತ್ತಿಗೆ ಯಾಕೆ ಅತ್ತದ್ದು ಎಂಬುದು ಅವರಿಗೆ ಮರೆತುಹೋಗಿತ್ತು, ಕೆನ್ನೆ ಮಾತ್ರ ಒದ್ದೆಯಿತ್ತು.

ಹಿಂತಿರುಗುವಾಗ ನಾನು ಕೋಪ ಮಾಡಿಕೊಂಡೆ. ಯಾರಿಗಾಗಿ ಹೇಳಿದಿರಿ, ನಿಮ್ಮ ಮನಸ್ಸು ಹಗುರ ಮಾಡಿಕೊಳ್ಳಲಿಕ್ಕಾ ಎಂದು ಕೇಳಿದೆ. ಅವರು ಬೇಸರಪಟ್ಟುಕೊಳ್ಳಲಿಲ್ಲ.

"ಇರಬಹುದು," ಎಂದರು. "ಆದರೆ ಒಂಬತ್ತು ತಿಂಗಳು ಅವರ ಬೆನ್ನ ಹಿಂದೆ ನಾನೇ ಎಲ್ಲ ನಡೆಸಿದೆ. ಒಂದು ಸಲವಾದರೂ ಅವರ ಎದುರಿಗೆ ಕೂತು ನಿಜ ಹೇಳಬೇಕಿತ್ತು. ಇನ್ನು ಹೇಳಲ್ಲ."

ಮತ್ತೆ ಹೇಳಲಿಲ್ಲ. ಒಂದು ಶನಿವಾರವೂ ತಪ್ಪಿಸಲಿಲ್ಲ ಕೂಡ.

ಡೆರಿಕ್ ೨೦೦೫ರ ಫೆಬ್ರವರಿಯಲ್ಲಿ ತೀರಿಕೊಂಡರು. ಅಂತ್ಯಸಂಸ್ಕಾರಕ್ಕೆ ಕ್ರೆಮಟೋರಿಯಮ್ಮಿನಲ್ಲಿ ಹದಿನಾಲ್ಕು ಜನ ಇದ್ದೆವು. ಹಳೆಯ ಹುಡುಗರಲ್ಲಿ ಐದು ಮಂದಿ ಬಂದಿದ್ದರು, ಸಂದೀಪ್ ಅವರಲ್ಲೊಬ್ಬ. ಯಾರೂ ಅವನನ್ನು ಕರೆದಿರಲಿಲ್ಲ, ಗೆಳೆಯರಿಂದ ತಿಳಿದು ಬಂದಿದ್ದ. ಎತ್ತರವಾಗಿದ್ದ, ಕಪ್ಪು ಕೋಟು ಹಾಕಿದ್ದ. ಎಡಗಣ್ಣು ಸ್ವಲ್ಪ ಬೂದುಬಣ್ಣಕ್ಕೆ ತಿರುಗಿದ್ದು ಬಿಟ್ಟರೆ ಬೇರೆ ಗುರುತಿರಲಿಲ್ಲ. ಮೀರಾ ಒಳಗೆ ಬರಲಿಲ್ಲ, ಹೊರಗೆ ಕಾರಿನಲ್ಲೇ ಕೂತಿದ್ದರು.

ಮುಗಿದ ಮೇಲೆ ಸರ್ ಮತ್ತು ನಾನು ಬಸ್ ಸ್ಟಾಪಿನತ್ತ ನಡೆಯುತ್ತಿದ್ದಾಗ ಆ ಕಾರು ನಮ್ಮ ಪಕ್ಕ ನಿಂತಿತು. ಓಡಿಸುತ್ತಿದ್ದವನು ಸಂದೀಪ್. ಒಂದೇ ಕಣ್ಣಿನಲ್ಲಿ ಲೈಸೆನ್ಸ್ ತೆಗೆದುಕೊಂಡಿದ್ದಾನೆ ಎಂದು ಆಗ ಗೊತ್ತಾಯಿತು. ಚಳಿ ಇದೆ, ಸ್ಟೇಷನ್ ತನಕ ಬಿಡುತ್ತೇನೆ, ಹತ್ತಿ ಎಂದ. ಸರ್ ಮೀರಾ ಕಡೆ ನೋಡಿದರು. ಆಕೆ ಮುಂದಿನ ಸೀಟಿನಲ್ಲಿ ಎದುರಿಗೆ ನೋಡುತ್ತ ಕೂತಿದ್ದರು. ಬೇಡ ಎನ್ನಲಿಲ್ಲ. ನಾವು ಹಿಂದೆ ಕೂತೆವು.

ಪ್ರತಿ ಕ್ರಾಸಿನಲ್ಲೂ ಸಂದೀಪ್ ಎಡಕ್ಕೆ ಪೂರ್ತಿ ತಲೆ ತಿರುಗಿಸಿ ನೋಡಿಯೇ ಕಾರು ಬಿಡುತ್ತಿದ್ದ. ಈಗ ಎಂಜಿನಿಯರಿಂಗ್ ಕೊನೆಯ ವರ್ಷ ಎಂದ. ಗಣಿತ ಕಷ್ಟವಾಗುತ್ತಿದೆಯಾ ಎಂದು ಸರ್ ಕೇಳಿದರು. ಇಲ್ಲ, ನೀವು ಚೆನ್ನಾಗಿ ಕಲಿಸಿದ್ದೀರಿ ಎಂದ. ಮೀರಾ ಕಿಟಕಿಯ ಗಾಜನ್ನು ಸ್ವಲ್ಪ ಇಳಿಸಿ, ಮತ್ತೆ ಏರಿಸಿದರು.

ಈಸ್ಟ್ ಕ್ರೋಯ್ಡನ್ ಸ್ಟೇಷನ್ನಿನ ಎದುರು ಸರ್ ಇಳಿದು, ಬಗ್ಗಿ ಇಬ್ಬರಿಗೂ ಕೈ ಮುಗಿದರು. ನನ್ನ ಫ್ಲ್ಯಾಟ್ ಇನ್ನೂ ಮುಂದೆ ಇದ್ದುದರಿಂದ ನಾನು ಕಾರಿನಲ್ಲೇ ಉಳಿದೆ. ಅವರು ಜನರ ನಡುವೆ ಮೆಟ್ಟಿಲು ಹತ್ತಿ ಮರೆಯಾಗುವ ತನಕ ಮೀರಾ ನೋಡುತ್ತಿದ್ದರು.

"ತುಂಬಾ ಇಳಿದುಹೋಗಿದ್ದಾರೆ," ಎಂದರು, ನನಗೋ, ತಮಗೆ ತಾವೋ.

ಹೌದು ಎಂದೆ. ಸಿಗ್ನಲ್ ಬಿಟ್ಟಿತು, ಸಂದೀಪ್ ಕಾರು ಹೊರಡಿಸಿದ.